ಅಂಗೈಯ ಮೀನು

ತೆಳುವಾದ ಕೆಂಪು ಹಾಳೆಯಲ್ಲಿ ಕತ್ತರಿಸಿದ ಮೀನೊಂದು ಆಟಿಕೆಯ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಅದನ್ನು ಅಂಗೈಯ ಮೇಲಿಟ್ಟರೆ ಸಾಕು, ಯಾರೂ ಮುಟ್ಟದಿದ್ದರೂ ತಲೆ ಅಲುಗುತ್ತದೆ, ಬಾಲ ಮೇಲೇಳುತ್ತದೆ. ಒಮ್ಮೊಮ್ಮೆ ಇಡೀ ಮೀನೇ ಮಗುಚಿಕೊಳ್ಳುತ್ತದೆ. ಲಕೋಟೆಯ ಮೇಲೆ ಇದಕ್ಕೆಲ್ಲ ಫಲ ಅಚ್ಚಾಗಿರುತ್ತದೆ: ತಲೆಯಾಡಿದರೆ ಅಸೂಯೆ, ಬದಿಗಳು ಮಡಿಚಿದರೆ ಚಂಚಲಬುದ್ಧಿ, ಮಗುಚಿ ಬಿದ್ದರೆ ಕಪಟ.

ಕಣಿ ಹೇಳುವ ಇಂತಹ ವಸ್ತುವಿಗೆ ಪಾಠಶಾಲೆಯಲ್ಲಿ ಏನು ಕೆಲಸವೆಂದು ಕೆಲವರು ಕೇಳಿಯಾರು. ನನ್ನ ಅಭಿಪ್ರಾಯ ಬೇರೆ. ಈ ಮೀನು ವಿಜ್ಞಾನದ ತರಗತಿಗೆ ಬರಬೇಕು. ಲಕೋಟೆಯನ್ನು ಹರಿದೆಸೆಯದೆ, ಆ ಫಲಪಟ್ಟಿಯೊಡನೆಯೇ ಬರಬೇಕು.

ಮೀನಿನ ಚಲನೆಯ ಕಾರಣ ಸರಳವಾದುದು. ಅದರ ಹಾಳೆ ನೀರನ್ನು ಹೀರುವ ಜಾತಿಯದು. ಸ್ವಿಟ್ಜರ್‌ಲೆಂಡಿನ ಬ್ರಾಂಡೆನ್‌ಬರ್ಗರ್ ಎಂಬ ರಸಾಯನಶಾಸ್ತ್ರಜ್ಞನು 1908ರಲ್ಲಿ ಕಂಡುಹಿಡಿದ ಸೆಲೊಫೇನ್ ಇಂತಹುದೇ ಹಾಳೆ. ಅದು ಸೆಲ್ಯುಲೋಸಿನಿಂದಾದುದು; ಹತ್ತಿಯಲ್ಲಿಯೂ ಮರದಲ್ಲಿಯೂ ಇರುವುದು ಅದೇ ಪದಾರ್ಥ. ಅದರ ಉದ್ದುದ್ದನೆಯ ಅಣುಗಳ ನಡುವೆ ನೀರು ನುಸುಳಿದಾಗ ಅವು ದೂರ ಸರಿಯುತ್ತವೆ, ಹಾಳೆ ಹಿಗ್ಗುತ್ತದೆ. ಆದರೆ ಅಂಗೈಯ ಬೆವರು ತಾಗುವುದು ಕೆಳಮೈಗೆ ಮಾತ್ರ. ಕೆಳಮೈ ಹಿಗ್ಗಿ ಮೇಲ್ಮೈ ಹಾಗೆಯೇ ಉಳಿದರೆ ಹಾಳೆ ಬಾಗಲೇಬೇಕು. ತೇವ ಆರಿದೊಡನೆ ಮತ್ತೆ ಚಪ್ಪಟೆ.

ವಿಜಯನಗರ, ಬಸವೇಶ್ವರನಗರಗಳ ತಾರಸಿಗಳ ಮೇಲೆ ಬೇಸಿಗೆಯಲ್ಲಿ ಒಣಹಾಕಿದ ಹಪ್ಪಳವನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಮೇಲ್ಮೈ ಮೊದಲು ಒಣಗಿ ಕುಗ್ಗುವುದರಿಂದ ಅಂಚುಗಳು ಮೇಲೇಳುತ್ತವೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದೂ ಮರವು ತೇವದಿಂದ ಹಿಗ್ಗುವುದರಿಂದಲೇ. ತಮಟೆಯವರು ಬಾರಿಸುವ ಮೊದಲು ಚರ್ಮವನ್ನು ಬೆಂಕಿಗೆ ಹಿಡಿಯುವುದೇಕೆ? ತೇವದಿಂದ ಸಡಿಲಗೊಂಡ ಚರ್ಮ ಬಿಗಿಯಾಗಲೆಂದು.

ಹಾಗಾದರೆ ಲಕೋಟೆ ಹೇಳುವುದೆಲ್ಲ ಬರಿಯ ಸುಳ್ಳೇ? ಇಲ್ಲಿಯೇ ಸ್ವಲ್ಪ ಎಚ್ಚರ ಬೇಕು. ಭಯವಾದಾಗ, ಉದ್ವೇಗವಾದಾಗ ನಮ್ಮ ಅಂಗೈ ಬೆವರುತ್ತದೆ. ಗುಟ್ಟು ಬಯಲಾದೀತೆಂದು ಹೆದರಿದವನ ಕೈಯಲ್ಲಿ ಮೀನು ಹೆಚ್ಚು ಹೊರಳಾಡಬಹುದು. ನೋಡಿದವರು "ನಿಜವೇ ಹೇಳಿತು" ಎನ್ನುತ್ತಾರೆ. ಅದೇ ಬಿಸಿಲಿನಲ್ಲಿ ಓಡಿಬಂದ ನಿಷ್ಕಪಟಿಯ ಕೈಯಲ್ಲಿಯೂ ಅದು ಹೊರಳುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೂರ್ಣ ಸುಳ್ಳಿಗಿಂತ ಇಂತಹ ಅರೆಸತ್ಯವೇ ಹೆಚ್ಚು ಜನರನ್ನು ಮರುಳು ಮಾಡುತ್ತದೆ.

ಇದನ್ನು ಬಿಡಿಸುವುದು ಬೋಧನೆಯಿಂದಲ್ಲ, ಪರೀಕ್ಷೆಯಿಂದ. ಕೆಂಗೇರಿಯ ದಾರಿಯಲ್ಲಿ ಜ್ಞಾನಭಾರತಿ ಆವರಣವುಳ್ಳ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ, ಭೌತವಿಜ್ಞಾನದ ಅಧ್ಯಾಪಕರೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದರು. ಅದಕ್ಕೆ ಬಂದ ವಿರೋಧ ಕಡಿಮೆಯದಲ್ಲ. ಅಂತಹ ದೊಡ್ಡ ಪ್ರಶ್ನೆಗಳಿಗೆ ಅಣಿಯಾಗಲು ಈ ಪುಟ್ಟ ಮೀನಿಗಿಂತ ಅಗ್ಗದ ಸಾಧನ ನನಗೆ ತಿಳಿಯದು.

ಆದುದರಿಂದ ಉಪಾಧ್ಯಾಯರು ಕಾರಣವನ್ನು ಮೊದಲೇ ಹೇಳಿಬಿಡಬಾರದು. ಮೀನನ್ನು ಆಡಿಸುವುದು ಕೈಯ ಬಿಸಿಯೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಗೈಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಮೀನನ್ನಿಡಲಿ. ಬಿಸಿ ದಾಟುತ್ತದೆ, ಬೆವರು ದಾಟದು. ಮೀನು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಬಳಿಕ ಹಿಂಡಿದ ಒದ್ದೆ ಬಟ್ಟೆಯ ಮೇಲೆ ಇಡಲಿ. ಮೀನು ಸುರುಳಿಯಾದಾಗ, ಆ ಬಟ್ಟೆಯ ಮನಸ್ಸಿನಲ್ಲಿ ಏನಿದೆಯೆಂದು ಲಕೋಟೆಯನ್ನು ನೋಡಿ ಗಟ್ಟಿಯಾಗಿ ಓದಲಿ.