ಹಾಲಕ್ಕಿಯ ವಿಳಾಸ

ಕಳೆದ ಭಾನುವಾರ ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷದಿಂದ ಕೆಲಸದಲ್ಲಿದ್ದಾನೆ. ತಂದೆ ಉಡುಪಿ ಕಡೆಯವರು, ಅಂಧೇರಿಯಲ್ಲಿ ಸಣ್ಣ ಹೋಟೆಲ್ ನಡೆಸುತ್ತಾರೆ. ಕಾಫಿ ಲೋಟ ಕೈಗೆ ಬರುವ ಮೊದಲೇ ಕೇಳಿದ: "ಅಂಕಲ್, ಕೆಲಸ ಬಿಟ್ಟು ವೈಲ್ಡ್‌ಲೈಫ್ ಫೋಟೋಗ್ರಫಿಗೆ ಇಳಿಯಬೇಕು ಅಂತಿದ್ದೇನೆ. ಅದರಲ್ಲಿ ಹೊಟ್ಟೆ ತುಂಬುತ್ತದಾ?"

ಇದ್ದದ್ದನ್ನೇ ಹೇಳಿದೆ. ನನ್ನ ಹೊಟ್ಟೆ ತುಂಬಿಸುತ್ತಿರುವುದು ಹುಲಿಯೂ ಅಲ್ಲ, ಹಕ್ಕಿಯೂ ಅಲ್ಲ. ಮುಂಬಯಿಯ ಕನ್ನಡಿಗರ ಮದುವೆಗಳು, ಮುಂಜಿಗಳು, ಷಷ್ಟ್ಯಬ್ದಿಗಳು. ಶನಿವಾರ ಕಲ್ಯಾಣ ಮಂಟಪದಲ್ಲಿ ಧಾರೆಯ ಚಿತ್ರ ತೆಗೆದರೆ, ಭಾನುವಾರ ಬೆಳಿಗ್ಗೆ ಅದೇ ಕ್ಯಾಮೆರಾ ಹಿಡಿದು ಜುಹು ತೀರಕ್ಕೆ ಹೋಗುತ್ತೇನೆ. ಈ ವೃತ್ತಿಯಲ್ಲಿರುವ ಬಹುತೇಕರ ಕಥೆ ಹೀಗೆಯೇ. ಒಬ್ಬರು ಪ್ರವಾಸ ಕರೆದೊಯ್ಯುತ್ತಾರೆ, ಇನ್ನೊಬ್ಬರು ಕಾರ್ಯಾಗಾರ ನಡೆಸುತ್ತಾರೆ, ಮತ್ತೊಬ್ಬರು ಜಾಹೀರಾತಿನ ಚಿತ್ರ ತೆಗೆಯುತ್ತಾರೆ. ಕಾಡಿನ ಚಿತ್ರಕ್ಕೆ ಕಾಸು ಬರುವುದು ಅಪರೂಪ.

"ಹಾಗಾದರೆ ಯಾಕೆ ಮಾಡ್ತೀರಿ?" ಎಂದ. ಈ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಿದೆ.

ವಿಲೆ ಪಾರ್ಲೆಯವರಿಗೆ ಜುಹು ಎಂದರೆ ಭೇಲ್‌ಪುರಿ ಮತ್ತು ಜನಜಂಗುಳಿ. ಆದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಬೆಳಗಿನ ಜಾವ ಸಮುದ್ರ ಬಹಳ ದೂರ ಸರಿದು, ಕಲ್ಲುಗಳ ಮೇಲೆ ಇನ್ನೊಂದು ಊರೇ ತೆರೆದುಕೊಳ್ಳುತ್ತದೆ. ಹೂವಿನಂತೆ ಅರಳುವ ಸೀ ಅನಿಮೋನ್, ಇನ್ನೊಬ್ಬರ ಚಿಪ್ಪನ್ನು ಮನೆ ಮಾಡಿಕೊಂಡ ಸನ್ಯಾಸಿ ಏಡಿ, ಬೆರಳುಗಾತ್ರದ ಬಣ್ಣದ ಕಡಲ ಹುಳುಗಳು ಕಾಣುತ್ತವೆ. 2017ರಲ್ಲಿ ಶುರುವಾದ 'ಮರೀನ್ ಲೈಫ್ ಆಫ್ ಮುಂಬಯಿ' ಎಂಬ ನಾಗರಿಕರ ಪ್ರಯತ್ನ ಮಾಡಿದ್ದು ಇಷ್ಟೇ: ಇಳಿತದ ಹೊತ್ತಿಗೆ ತೀರಕ್ಕೆ ಹೋಗುವುದು, ಕಂಡದ್ದನ್ನೆಲ್ಲ ಚಿತ್ರ ತೆಗೆಯುವುದು, ದಿನಾಂಕ ಮತ್ತು ಜಾಗ ಬರೆದಿಡುವುದು, ಜನರನ್ನು ಕರೆದುಕೊಂಡು ಹೋಗಿ ತೋರಿಸುವುದು. ಕೊಳಚೆ ನೀರು ಬಿಟ್ಟರೆ ಈ ಕಡಲಲ್ಲಿ ಏನೂ ಇಲ್ಲ ಎಂಬ ಮಾತಿಗೆ ಅದೇ ಉತ್ತರವಾಯಿತು. ಕೋಸ್ಟಲ್ ರೋಡ್ ಬಂದಾಗ ವರ್ಲಿ, ಹಾಜಿ ಅಲಿ ಬಳಿಯ ಹವಳಗಳನ್ನು 2020ರಲ್ಲಿ ಬೇರೆಡೆ ಸ್ಥಳಾಂತರಿಸಬೇಕಾಯಿತು. ಅದು ಸಾಕಾಯಿತೇ ಎಂಬುದು ಬೇರೆ ಚರ್ಚೆ. ಆದರೆ ಹವಳ ಅಲ್ಲಿದೆ ಎಂದು ಮೊದಲು ಯಾರೋ ತೋರಿಸಬೇಕಲ್ಲ! ಕಾಣದೇ ಇದ್ದದ್ದರ ಪರವಾಗಿ ಯಾರೂ ಮಾತಾಡುವುದಿಲ್ಲ.

ಚಿತ್ರ ಚೆನ್ನಾಗಿರಲೇಬೇಕೆಂದೂ ಇಲ್ಲ. 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಹುಲಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ ಬಳಸಿದರು. ಹುಲಿ ಹಾದುಹೋಗುವಾಗ ಕ್ಯಾಮೆರಾ ತಾನೇ ಕ್ಲಿಕ್ಕಿಸುತ್ತದೆ. ಅದರಲ್ಲಿ ಬೆಳಕಿನ ಸೊಬಗಿಲ್ಲ, ಚೌಕಟ್ಟಿನ ಚೆಲುವಿಲ್ಲ. ಆದರೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲವಾದ್ದರಿಂದ ಯಾವುದು ಯಾವ ಹುಲಿ ಎಂದು ಗುರುತಿಸಿ ಲೆಕ್ಕ ಹಾಕಬಹುದು. ಅದೇ ವಿಧಾನದಿಂದ 2015ರಲ್ಲಿ, ನಮ್ಮ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಮತ್ತು ಸುತ್ತಮುತ್ತ 35 ಚಿರತೆಗಳಿವೆ ಎಂದು ತಿಳಿಯಿತು. 2018ರ ಎಣಿಕೆಯಲ್ಲಿ ಅದು 47 ಆಯಿತು.

ಚೆಲುವೂ ಸಾಕ್ಷ್ಯವೂ ಒಂದೇ ಚಿತ್ರದಲ್ಲಿ ಕೂಡಿಬಂದದ್ದು ನಯನ್ ಖಾನೋಲ್ಕರ್ ಅವರ ಕೈಯಲ್ಲಿ. ಆರೆ ಕಾಲನಿಯ ವಾರ್ಲಿ ಆದಿವಾಸಿಗಳ ಓಣಿಯಲ್ಲಿ ರಾತ್ರಿ ಚಿರತೆಯೊಂದು ನಡೆದುಹೋಗುವ ಚಿತ್ರ ಅದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ 2016ರಲ್ಲಿ ನಗರ ವಿಭಾಗದ ಪ್ರಶಸ್ತಿ ಪಡೆಯಿತು. ಅದಕ್ಕಾಗಿ ಅವರು ನಾಲ್ಕು ತಿಂಗಳು ಕಾದರು. ಫ್ಲ್ಯಾಶಿನ ಬೆಳಕನ್ನೂ ಓಣಿಯ ದೀಪದಂತೆಯೇ ಕಾಣುವ ಹಾಗೆ ಜೋಡಿಸಿದ್ದರು. ಚಿತ್ರದಲ್ಲಿ ಚಿರತೆ ಎಷ್ಟು ಮುಖ್ಯವೋ ಓಣಿಯೂ ಅಷ್ಟೇ ಮುಖ್ಯ. ಇಲ್ಲಿ ಮನುಷ್ಯರೂ ಚಿರತೆಗಳೂ ಒಂದೇ ದಾರಿಯಲ್ಲಿ ಓಡಾಡುತ್ತಾರೆ ಎಂದು ಆ ಒಂದು ಚಿತ್ರ ಜಗತ್ತಿಗೆ ಹೇಳಿತು. ಮೂರು ವರ್ಷದ ನಂತರ, 2019ರ ಅಕ್ಟೋಬರಿನಲ್ಲಿ, ಮೆಟ್ರೋ ಕಾರ್‌ಶೆಡ್‌ಗಾಗಿ ಅದೇ ಆರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಹಾಗಾಗಿ ಚಿತ್ರವೊಂದು ಕಾಡನ್ನು ಉಳಿಸಿಬಿಡುತ್ತದೆ ಎಂಬ ಭ್ರಮೆ ನನಗಿಲ್ಲ.

ಹಾಗೆಂದು ಏನೂ ಆಗುವುದಿಲ್ಲ ಎಂದೂ ಅಲ್ಲ. ಸೀಳುನಾಯಿಗಳನ್ನು ನೋಡಿ. ಬ್ರಿಟಿಷರ ಕಾಲದಲ್ಲಿ ಅವನ್ನು ಕೊಂದವರಿಗೆ ಸರ್ಕಾರ ಬಹುಮಾನ ಕೊಡುತ್ತಿತ್ತು. ನಮ್ಮ ಮೈಸೂರಿನ ಕೃಪಾಕರ-ಸೇನಾನಿ ವರ್ಷಗಟ್ಟಲೆ ಅವುಗಳ ಹಿಂದೆ ಅಲೆದು, ಅವುಗಳ ಸಂಸಾರ, ಸಹಕಾರ, ಮರಿಗಳ ಪಾಲನೆ ಎಲ್ಲವನ್ನೂ ತೋರಿಸಿದರು. ಅವರ 'ದ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎಂದೇ ಕರೆಯುವ ಪಾಂಡಾ ಪ್ರಶಸ್ತಿ ಬಂತು. ಕ್ರೂರಿ ಎನ್ನಿಸಿಕೊಂಡ ಪ್ರಾಣಿಯ ಬಗ್ಗೆ ನೋಡುಗರ ಮನಸ್ಸು ಮೆತ್ತಗಾಯಿತು. ಪ್ರಶಸ್ತಿಗಿಂತ ದೊಡ್ಡ ಸಂಪಾದನೆ ಅದೇ.

ಇಷ್ಟು ಹೇಳುವಷ್ಟರಲ್ಲಿ ಹುಡುಗನ ಕಣ್ಣು ಹೊಳೆಯುತ್ತಿತ್ತು. ಆಗ ನನ್ನ ತಪ್ಪನ್ನೂ ಹೇಳಬೇಕು ಅನ್ನಿಸಿತು. ಮನೆಯವರನ್ನು ಬಿಟ್ಟರೆ ಇದನ್ನು ಹೆಚ್ಚು ಜನಕ್ಕೆ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ ಪಾರ್ಲೆ ಪೂರ್ವದ ಒಂದು ಓಣಿಯಲ್ಲಿ, ಹಳೇ ಮಳೆಮರದ ಪೊಟರೆಯಲ್ಲಿ ಜೋಡಿ ಹಾಲಕ್ಕಿಗಳಿದ್ದವು. ಹಾಲಕ್ಕಿ ನುಡಿಯಿತು ಎಂದು ಶಕುನ ನೋಡುತ್ತಾರಲ್ಲ, ಅದೇ ಪುಟ್ಟ ಗೂಬೆ. ಬೆಳಗಿನ ಬಿಸಿಲಿಗೆ ಎರಡೂ ಪೊಟರೆಯ ಬಾಯಲ್ಲಿ ಒತ್ತಿಕೊಂಡು ಕೂತಿದ್ದವು. ಒಳ್ಳೆಯ ಚಿತ್ರ ಸಿಕ್ಕಿತು. ಸಂಭ್ರಮದಲ್ಲಿ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. "ಎಲ್ಲಿ?" ಎಂದು ಕೇಳಿದರು. ಓಣಿಯ ಹೆಸರು ಬರೆದೆ.

ಮುಂದಿನ ಭಾನುವಾರ ಆ ಮರದ ಕೆಳಗೆ ಹನ್ನೆರಡು ಮಂದಿ ಇದ್ದರು. ಹಕ್ಕಿ ಹೊರಗೆ ಬರಲೆಂದು ಒಬ್ಬರು ಕಾಂಡಕ್ಕೆ ಕೋಲಿನಿಂದ ಬಡಿಯುತ್ತಿದ್ದರು. ನಾನು ಬೇಡವೆಂದೆ. "ನೀವು ತೆಗೆದಾಯ್ತಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹತ್ತು ದಿನ ಬಿಟ್ಟು, ದೀಪಾವಳಿ ಹತ್ತಿರವಾದಾಗ ಹೋದರೆ ಪೊಟರೆ ಖಾಲಿ. ಗೂಬೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಆದರೂ ದೀಪಾವಳಿಯ ಹೊತ್ತಿಗೆ ಮಾಟ-ಮಂತ್ರಕ್ಕೆಂದು ಅವನ್ನು ಹಿಡಿದು ಮಾರುವವರಿದ್ದಾರೆ. ಗದ್ದಲಕ್ಕೆ ಬೇಸತ್ತು ಹಾರಿಹೋದವೋ, ಯಾರಾದರೂ ಹಿಡಿದರೋ, ನನಗೆ ಇಂದಿಗೂ ಗೊತ್ತಿಲ್ಲ. ವಿಳಾಸ ಕೊಟ್ಟವನು ನಾನು ಎಂಬುದು ಮಾತ್ರ ಗೊತ್ತು.

ಅಂದಿನಿಂದ ಕೆಲವು ನಿಯಮ ಮಾಡಿಕೊಂಡೆ. ಗೂಡಿನ ಚಿತ್ರ ತೆಗೆಯುವುದಿಲ್ಲ. ಗೂಬೆಯ ಚಿತ್ರಕ್ಕೆ ಊರಿನ ಹೆಸರಷ್ಟೇ, ಓಣಿಯ ಹೆಸರಿಲ್ಲ. ಹಕ್ಕಿ ನನ್ನ ಕಡೆ ನೋಡಿ ಕದಲಿದರೆ ನಾನು ಹತ್ತಿರ ಹೋಗಿದ್ದೇನೆ ಎಂದರ್ಥ, ಹಿಂದೆ ಸರಿಯಬೇಕು. ಒಂದು ಕಾಲದಲ್ಲಿ ಹಕ್ಕಿ ಛಾಯಾಗ್ರಹಣ ಎಂದರೆ ಗೂಡಿನ ಛಾಯಾಗ್ರಹಣವೇ ಆಗಿತ್ತು. ಇಂದು ಹಲವು ಸ್ಪರ್ಧೆಗಳು ಅಂಥ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಇದು ಒಳ್ಳೆಯ ಬದಲಾವಣೆ.

ಆ ಮಳೆಮರ ಇನ್ನೂ ಇದೆ. ಪಕ್ಕದ ಹಳೇ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುತ್ತಿದೆ. ಕಳೆದ ತಿಂಗಳು ಕಾಂಡದ ಮೇಲೆ ಮರ ಕಡಿಯುವ ನೋಟಿಸ್ ಅಂಟಿತ್ತು. ಆಕ್ಷೇಪವಿದ್ದವರು ತಿಳಿಸಬಹುದು ಎಂದಿತ್ತು. ನನ್ನ ಹಾರ್ಡ್ ಡಿಸ್ಕ್ ಹುಡುಕಿದೆ. ಆರು ವರ್ಷಗಳಲ್ಲಿ ಅದೇ ಮರದ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳು ಸಿಕ್ಕವು: ಗಿಳಿ, ಕುಟುರ, ಬಾವಲಿ, ಅಳಿಲು, ಹೂಬಿಟ್ಟ ಕೊಂಬೆ. ಸ್ಪರ್ಧೆಗೆ ಕಳಿಸುವಂಥದ್ದು ಒಂದೂ ಇಲ್ಲ. ಎಲ್ಲಕ್ಕೂ ದಿನಾಂಕವಿದೆ. ಅವನ್ನು ಜೋಡಿಸಿ ಆಕ್ಷೇಪ ಸಲ್ಲಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹುಡುಗನಿಗೆ ಹೇಳಿದೆ: "ಸದ್ಯಕ್ಕೆ ಕೆಲಸ ಬಿಡಬೇಡ, ದೊಡ್ಡ ಲೆನ್ಸೂ ಕೊಳ್ಳಬೇಡ. ಇರುವ ಕ್ಯಾಮೆರಾದಲ್ಲಿ, ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಮರವನ್ನು ಒಂದು ವರ್ಷ ನೋಡು. ಆಮೇಲೂ ಬೇಸರವಾಗದಿದ್ದರೆ ಬಾ, ಮಾತಾಡೋಣ."

ಸ್ವಲ್ಪ ನಿರಾಸೆಯಿಂದಲೇ ಹೋದ. ಆದರೆ ನಿನ್ನೆ ಬೆಳಿಗ್ಗೆ ಹಾಲು ತರಲು ಹೊರಟಾಗ ನೋಡಿದೆ. ಆ ಮಳೆಮರದ ಎದುರು, ರಸ್ತೆಯ ಆಚೆ ಬದಿಯಲ್ಲಿ, ಸಾಕಷ್ಟು ದೂರದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ನಾನು ಮಾತಾಡಿಸಲಿಲ್ಲ.