ಹುಲ್ಲಿನ ಸಿಂಬೆ, ಕ್ರಿಸ್‌ಮಸ್ ಹಾರ

ಡಿಸೆಂಬರ್ ಬಂದರೆ ಅಂಗಡಿಗಳಲ್ಲಿ ತೂಗಾಡುವ ದುಂಡನೆಯ ಪ್ಲಾಸ್ಟಿಕ್ ಕ್ರಿಸ್‌ಮಸ್ ಹಾರಕ್ಕೆ ಮಕ್ಕಳು ಆಸೆಪಡುತ್ತಾರೆ. ಹೆತ್ತವರು ಜೇಬು ತಡವಿಕೊಳ್ಳುತ್ತಾರೆ. ಅದನ್ನು ಕೊಳ್ಳಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮ ಹೊಸೂರು ಸೀಮೆಯಲ್ಲಿ ಅದು ರಾಗಿ ಕೊಯ್ಲಿನ ಕಾಲ. ವಿದ್ಯಾರ್ಥಿಗಳೇ, ರಾಗಿಹುಲ್ಲಿಗೆ ನೀರು ಚಿಮುಕಿಸಿ, ಬಿಂದಿಗೆ ಹೊರುವ ಸಿಂಬೆಯಂತೆ ಸುತ್ತಿ, ದಾರದಿಂದ ಬಿಗಿಯಿರಿ. ಸರ್ವೆಮರದ ಒಣಕಾಯಿ, ಬಣ್ಣದ ಬಟ್ಟೆಚೂರು ಸಿಕ್ಕಿಸಿ, ನಡುವೆ ಕಾಗದದ ತುಂಟ ಗುಬ್ಬಿಯೊಂದನ್ನು ಕೂರಿಸಿರಿ. ದೀಪದಿಂದ ದೂರ, ಒಳಗೋಡೆಗೆ ತೂಗುಹಾಕಿರಿ.

ತಮಿಳುನಾಡು 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದೆ. ಹಬ್ಬದ ಅಲಂಕಾರಕ್ಕೂ ಆ ಎಚ್ಚರ ಬೇಕು. ಹಬ್ಬದ ನಂತರ ಈ ಹುಲ್ಲು ತಿಪ್ಪೆಯಲ್ಲಿ ಗೊಬ್ಬರವಾಗುತ್ತದೆ, ಪ್ಲಾಸ್ಟಿಕ್ ಆಗದು. ಪೋಷಕರೇ, ಹಾರ ಸೊಟ್ಟಗಿದ್ದರೆ ನಗಬೇಡಿರಿ. ಮಗು ತನ್ನ ಕೈಯಿಂದ ಕಟ್ಟಿದ್ದಕ್ಕೆ ನಡುಮನೆಯಲ್ಲೇ ಜಾಗ ಕೊಡಿರಿ.