ಹೊಸ ವಹಿ ಬರಲಿ, ಹಳೆಯ ಬಾಕಿ ಸರಿಯಾಗಿ ಇಳಿಯಲಿ

ದೀಪಾವಳಿಯ ಪಾಡ್ಯಕ್ಕೆ ನಮ್ಮ ಖಡೇಬಜಾರಿನ ಸಣ್ಣ ವ್ಯಾಪಾರಿಯೂ ಹೊಸ ವಹಿಗೆ ಪೂಜೆ ಮಾಡುತ್ತಾನೆ. ಆದರೆ ಹಳೆಯ ಬಾಕಿಯನ್ನು ಹೊಸದಕ್ಕೆ ಇಳಿಸಿ, ಎರಡನ್ನೂ ತಾಳೆ ನೋಡಿದ ಮೇಲೆಯೇ ಹಳೆಯದನ್ನು ಕಟ್ಟಿಡುತ್ತಾನೆ. ಸರಕಾರದ ದೊಡ್ಡ ವಹಿಗೂ ಇದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಮಾತು.

ಖರೀದಿಪತ್ರಗಳನ್ನು ನೋಂದಾಯಿಸುವ ಕಚೇರಿಗಳಲ್ಲಿ ಸುಮಾರು ಇಪ್ಪತ್ತು ವರ್ಷ ನಡೆದ 'ಕಾವೇರಿ' ಎಂಬ ಗಣಕ ವ್ಯವಸ್ಥೆಯನ್ನು ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿತ್ತು. 2023ರಲ್ಲಿ ಅದನ್ನು ತೆಗೆದು 'ಕಾವೇರಿ 2.0' ತಂದರು. ಇದನ್ನು ಮಾಡಿಕೊಟ್ಟದ್ದು ಬೇರೆ ಸಂಸ್ಥೆ, ಸರಕಾರದ್ದೇ ಆದ ಸ್ಮಾರ್ಟ್ ಗವರ್ನೆನ್ಸ್ ಕೇಂದ್ರ. ರಾಜ್ಯಕ್ಕೆಲ್ಲ ಹರಡುವ ಮೊದಲು ಚಿಂಚೋಳಿಯಲ್ಲಿಯೂ ನಮ್ಮ ಬೆಳಗಾವಿ ದಕ್ಷಿಣ ಕಚೇರಿಯಲ್ಲಿಯೂ ಪರೀಕ್ಷಿಸಿ ನೋಡಿದ್ದು ಸರಿಯಾದ ಕ್ರಮ. ಮನೆಯಿಂದಲೇ ಅರ್ಜಿ ಹಾಕಿ, ಹಣ ಕಟ್ಟಿ, ಗೊತ್ತಾದ ಹೊತ್ತಿಗೆ ಹೋಗಿ ಬೆರಳೊತ್ತಿ ಬರುವ ಅನುಕೂಲವನ್ನು ನಾವು ಸ್ವಾಗತಿಸುತ್ತೇವೆ. ದಲಾಲನ ಬಾಗಿಲು ಕಾಯುವುದು ತಪ್ಪಿದಷ್ಟೂ ಒಳ್ಳೆಯದೇ.

ಆದರೆ 2025ರ ಜನವರಿ-ಫೆಬ್ರವರಿಯಲ್ಲಿ ಏನಾಯಿತು? ಕಿಡಿಗೇಡಿಗಳು ಸುಳ್ಳು ಕೋರಿಕೆಗಳ ಮಳೆ ಸುರಿಸಿದ್ದರಿಂದ ಹೊಸ ವ್ಯವಸ್ಥೆ ಕುಸಿಯಿತು. ರಾಜ್ಯದಾದ್ಯಂತ ನೋಂದಣಿ ತೊಡಕಿಗೆ ಸಿಕ್ಕಿತು. ಇಂಥ ದಿನ ವಡಗಾವಿಯ ನೇಕಾರ ಮಗ್ಗ ನಿಲ್ಲಿಸಿ, ಸಾಕ್ಷಿಗಳನ್ನು ಕರೆದುಕೊಂಡು ಬಂದಿದ್ದರೆ ಅವನ ಕೂಲಿ ಯಾರು ಕೊಡುವರು? ಬಡ್ಡಿಗೆ ತಂದ ಹಣದ ಬಡ್ಡಿ ಯಂತ್ರ ಕೆಟ್ಟಿತೆಂದು ನಿಲ್ಲುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಹಳೆಯದು. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದು, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿ ರದ್ದಾಯಿತು. ಲಂಚದ ಒಂದು ದಾರಿ ಮುಚ್ಚಿತು, ನಿಜ. ಆದರೆ ಇಳಿಸುವಾಗ ತಪ್ಪಿದ ಒಂದು ಅಕ್ಷರ, ಬಿಟ್ಟುಹೋದ ಒಂದು ಗುಂಟೆ, ಅದೇ ಅಧಿಕೃತವಾಗಿಬಿಡುತ್ತದೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಭಾಗದಲ್ಲಿ ಎಷ್ಟೋ ಹಳೆಯ ಕಾಗದಗಳು ಮರಾಠಿಯಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿವೆ. ಖಾನಾಪುರದ ರೈತನ ಅಜ್ಜನ ಹೆಸರು ಅಲ್ಲಿ ಒಂದು ಬಗೆ, ಇಂದಿನ ಉತಾರದಲ್ಲಿ ಇನ್ನೊಂದು ಬಗೆ ಇದ್ದರೆ, ಇಬ್ಬರೂ ಒಬ್ಬನೇ ಎಂದು ಸಿದ್ಧಪಡಿಸುವ ಹೊರೆ ಬಡವನ ತಲೆಗೇ ಬರುತ್ತದೆ. ತಪ್ಪು ಬರೆದವರು ಬೇರೆ, ಅಲೆಯುವವನು ಬೇರೆ!

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಹಳೆಯ ವಹಿ ಮುಚ್ಚುವ ಮೊದಲು ಹೊಸದರ ನಕಲನ್ನು ಚಾವಡಿಯಲ್ಲಿ ಹಚ್ಚಿ, ಜನರೆದುರು ಓದಿ ಹೇಳಬೇಕು. ಕಚೇರಿಯ ಕೈತಪ್ಪನ್ನು ಶುಲ್ಕವಿಲ್ಲದೆ, ಗೊತ್ತಾದ ದಿನಗಳೊಳಗೆ ತಿದ್ದಿಕೊಡಬೇಕು. ಯಂತ್ರ ನಿಂತ ದಿನ ಬಂದವರಿಗೆ ಚೀಟಿ ಬರೆದುಕೊಟ್ಟು, ಮರುದಿನ ಅವರದೇ ಮೊದಲ ಸರದಿ ಆಗಬೇಕು. ವ್ಯವಸ್ಥೆ ಮಾಡಿಕೊಡುವ ಸಂಸ್ಥೆ ಬದಲಾಗಬಹುದು. ದಾಖಲೆ ಮಾತ್ರ ಜನರದು.

ವಾಚಕ ಬಂಧುಗಳೇ, ಸರಕಾರದ ದಾರಿ ಕಾಯುತ್ತ ಕೂಡಬೇಡಿರಿ. ಈ ವಾರವೇ ನಿಮ್ಮ ಉತಾರ ತೆಗೆಸಿ, ಪೆಟ್ಟಿಗೆಯಲ್ಲಿರುವ ಹಳೆಯ ಕಾಗದದೊಂದಿಗೆ ತಾಳೆ ನೋಡಿರಿ. ಆ ಹಳೆಯ ಕಾಗದವನ್ನು ಯಾರು ಹೇಳಿದರೂ ಎಸೆಯಬೇಡಿರಿ.